ಒಳಗ ಹೋಗ್ತದ, ಹೊರಗ ಬರವಲ್ದು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ದೇವದುರ್ಗದ ಡಯಾಲಿಸಿಸ್ ಕೋಣೆ. ಚಪ್ಪಲಿ ಹೊರಗೆ ಬಿಟ್ಟು ಬನ್ನಿ. ಮೇ ತಿಂಗಳು, ರಾತ್ರಿಯಿಡೀ ಆರದ ಗೋಡೆಗೆ ಕೈ ತಾಗಿದರೆ ಈಗಲೂ ಬೆಚ್ಚಗಿದೆ. ಬಾಗಿಲ ಪಕ್ಕದಲ್ಲೇ ತೂಕದ ಯಂತ್ರ. ಬಂದವರು ಯಾರೇ ಇರಲಿ, ಮೊದಲು ಅದನ್ನು ಹತ್ತಬೇಕು.

"ಕಾಕಾ, ಎರಡೂವರಿ ಕಿಲೊ ಏರೀರಿ. ನೀರು ಭಾಳ ಕುಡದೀರಿ, ಹೌದಿಲ್ರಿ?" ಎನ್ನುತ್ತಾನೆ ಟೆಕ್ನಿಶಿಯನ್ ಹುಡುಗ.

"ಏನ್ ಮಾಡ್ಲೋ ಯಪ್ಪಾ, ಬಿಸಲು ಹಂಗ ಅದ."

ಕಿಡ್ನಿ ಕೈಕೊಟ್ಟವರಿಗೆ ರಾಯಚೂರು ಜಿಲ್ಲೆಯ ಬೇಸಿಗೆ ಎರಡು ಸಲ ಸುಡುತ್ತದೆ. ಹೊರಗೆ 42 ಡಿಗ್ರಿ. ಕುಡಿಯೋಣವೆಂದರೆ ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಅಳತೆ ಹಾಕಿಟ್ಟಿರುತ್ತಾರೆ. ಬಾಯಿ ಮುಕ್ಕಳಿಸಿ ಉಗುಳುವುದು, ಐಸಿನ ಚೂರು ನಾಲಿಗೆ ಕೆಳಗೆ ಇಟ್ಟುಕೊಳ್ಳುವುದು, ಲೋಟವನ್ನು ಮನೆಯವರು ಬಚ್ಚಿಡುವುದು, ಎಲ್ಲವೂ ಇಲ್ಲಿ ಮಾಮೂಲು.

ಕಾಕಾ ಗಬ್ಬೂರಿನ ಕಡೆಯವರು. ಹೆಸರು ಬೇಡ. ಈ ಜಿಲ್ಲೆಯ ಯಾವ ಡಯಾಲಿಸಿಸ್ ಕೋಣೆಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಹಲವರನ್ನು ಕೂಡಿಸಿ ಮಾಡಿದ ಒಬ್ಬರು ಅಂದುಕೊಳ್ಳಿ. ಐವತ್ತು ದಾಟಿದ ವಯಸ್ಸು, ನಾಲ್ಕೆಕರೆ ಹತ್ತಿ ಹೊಲ, ಹತ್ತು ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ. ಜೊತೆಗೆ ಬಂದಿರುವ ಹೆಂಡತಿಯ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಏಳು ತಿಂಗಳ ಕಾಗದ.

ಅವರ ಬಲಗತ್ತಿನ ಬುಡ ನೋಡಿ. ಚರ್ಮದ ಕೆಳಗೆ ಬೆರಳು ಗಾತ್ರದ ಏರು, ಅದು ಇಳಿದು ಬಂದು ಎದೆಯ ಮೇಲೆ ಹೊರಬಿದ್ದಿದೆ. ಹೊರಗೆ ಎರಡು ಬಾಲ, ಒಂದಕ್ಕೆ ಕೆಂಪು ಬಿರಡೆ, ಇನ್ನೊಂದಕ್ಕೆ ನೀಲಿ. ಆಸ್ಪತ್ರೆಯವರು ಪರ್ಮಾಕ್ಯಾತ್ ಅನ್ನುತ್ತಾರೆ, ಊರಿನವರು ಕತ್ತಿನ ಪೈಪು. ಕೆಂಪಿನಿಂದ ರಕ್ತ ಯಂತ್ರಕ್ಕೆ ಹೋಗುತ್ತದೆ, ತೊಳೆದ ರಕ್ತ ನೀಲಿಯಿಂದ ಮೈಗೆ ಮರಳುತ್ತದೆ. ಒಳತುದಿ ಹೃದಯದ ಬಲಗಡೆಯ ಮೇಲ್ಕೋಣೆಯಲ್ಲಿ ತೇಲುತ್ತಿರುತ್ತದೆ.

ಈ ಪೈಪು ಬಂದದ್ದು ತಾತ್ಕಾಲಿಕ ಅಂತ. ಕೈಯಲ್ಲಿ ಅಪಧಮನಿಗೂ ಅಭಿಧಮನಿಗೂ ಹೊಲಿಗೆ ಹಾಕಿ ಮಾಡುವ ಫಿಸ್ಟುಲಾ ಬಲಿತು ಸೂಜಿಗೆ ಸಿದ್ಧವಾಗಲು ಆರು ವಾರದಿಂದ ಮೂರು ತಿಂಗಳು ಬೇಕು. ಉಸಿರು ಕಟ್ಟಿ ಆಸ್ಪತ್ರೆಗೆ ಬಂದ ದಿನ ಅಷ್ಟು ಹೊತ್ತು ಯಾರ ಹತ್ತಿರ ಇರುತ್ತದೆ? ಪೈಪು ಹಾಕಿದರು, ಜೀವ ಉಳಿಯಿತು. ಆಮೇಲೆ ಹತ್ತಿ ಬಿಡಿಸುವ ಕಾಲ ಬಂತು, ತಂಗಿಯ ಮಗಳ ಮದುವೆ ಬಂತು. ಫಿಸ್ಟುಲಾ ಮುಂದಕ್ಕೆ ಹೋಯಿತು. ಎರಡು ತಿಂಗಳ ಪೈಪಿಗೆ ಏಳು ತಿಂಗಳಾಯಿತು.

ಹುಡುಗ ಮಾಸ್ಕ್ ಏರಿಸಿ, ಕೈಗವಸು ತೊಟ್ಟು, ಕೆಂಪು ಬಿರಡೆ ಬಿಚ್ಚಿದ. ಹತ್ತು ಎಂಎಲ್ ಸಿರಿಂಜು ಕೂಡಿಸಿ ಹಿಂದಕ್ಕೆ ಎಳೆದ. ರಕ್ತ ಹೆಪ್ಪುಗಟ್ಟದಿರಲೆಂದು ಕಳೆದ ಸಲ ಒಳಗೆ ತುಂಬಿಸಿಟ್ಟ ಹೆಪಾರಿನ್ ಮೊದಲು ಬರಬೇಕು, ಅದರ ಹಿಂದೆಯೇ ರಕ್ತ. ಏನೂ ಬರಲಿಲ್ಲ. ಸಲೈನ್ ತುಂಬಿ ಒತ್ತಿದ, ಸಲೀಸಾಗಿ ಹೋಯಿತು. ಮತ್ತೆ ಎಳೆದ. ಸಿರಿಂಜಿನ ದಾಂಡು ಹಿಂದೆ ಸರಿಯುತ್ತಿಲ್ಲ, ಒಳಗಿನಿಂದ ಯಾರೋ ಹಿಡಿದುಕೊಂಡಂತೆ.

"ಒಳಗ ಹೋಗ್ತದ, ಹೊರಗ ಬರವಲ್ದು," ಎಂದ.

ಈ ಒಂದು ಮಾತಿನಲ್ಲಿ ಅರ್ಧ ರೋಗನಿರ್ಣಯ ಇದೆ. ಮೈಯೊಳಗೆ ಹೊರಗಿನ ವಸ್ತು ಕೂತ ದಿನದಿಂದಲೇ ರಕ್ತ ಅದರ ಮೇಲೆ ಫೈಬ್ರಿನ್ ಎಂಬ ಎಳೆ ನೇಯತೊಡಗುತ್ತದೆ. ದಿನ ಕಳೆದಂತೆ ಅದು ನಳಿಕೆಗೆ ತೊಡಿಸಿದ ತೆಳು ಕಾಲುಚೀಲ ಆಗುತ್ತದೆ. ಹೊರಗಿನಿಂದ ಒತ್ತಿದರೆ ಕಾಲುಚೀಲದ ಬಾಯಿ ತೆರೆದುಕೊಳ್ಳುತ್ತದೆ, ಒಳಗಿನಿಂದ ಎಳೆದರೆ ಮುಚ್ಚಿಕೊಳ್ಳುತ್ತದೆ. ಪಂಪಿನ ಫುಟ್‌ವಾಲ್ವ್ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ದಿಕ್ಕು ಮಾತ್ರ ಉಲ್ಟಾ. ಆದರೆ ವಿಷಯ ಕಾಲುಚೀಲಕ್ಕೇ ನಿಂತಿದೆಯೋ, ಅದರ ಸುತ್ತ ರಕ್ತನಾಳವೇ ಹೆಪ್ಪುಗಟ್ಟಿದೆಯೋ ಎಂಬುದನ್ನು ಸಿರಿಂಜು ಹೇಳುವುದಿಲ್ಲ.

ಕೆಂಪು ನೀಲಿ ಅದಲುಬದಲು ಮಾಡಿ ಯಂತ್ರ ಚಾಲೂ ಮಾಡಿದರು. ನಿಮಿಷಕ್ಕೆ 300 ಎಂಎಲ್ ಓಡಬೇಕಾದ ಪಂಪು 180 ದಾಟಿದರೆ ಸಾಕು, ಕೀಂ ಕೀಂ ಎಂದು ಚೀರುತ್ತದೆ. ಹುಡುಗ ಬಂದು ಗುಂಡಿ ಒತ್ತಿ ಸುಮ್ಮನಿರಿಸುತ್ತಾನೆ, ಎರಡು ನಿಮಿಷಕ್ಕೆ ಮತ್ತೆ. ಮೂರನೆಯ ಸಲ ಬಂದಾಗ ಅವನ ಕಣ್ಣು ಯಂತ್ರ ಬಿಟ್ಟು ಕಾಕಾನ ಕೈಮೇಲೆ ನಿಂತಿತು.

"ಕಾಕಾ, ಈ ಕೈ ಯಾವಾಗಿಂದ ಬಾತದ?"

ಬಲಗೈ. ಅಂಗಿಯ ತೋಳು ಮೊಣಕೈ ಮೇಲೆ ಬಿಗಿಯಾಗಿ ಗುರುತು ಮೂಡಿಸಿದೆ. ಬೆರಳಿನ ಬೆಳ್ಳಿ ಉಂಗುರ ಮಾಂಸದಲ್ಲಿ ಹೂತಿದೆ. ಹೆಂಡತಿ ಬಾಯಿ ತೆರೆದಳು. ನಾಲ್ಕು ದಿನ ಆಯಿತಂತೆ. ಬೆಳಿಗ್ಗೆ ಎದ್ದಾಗ ಮುಖವೂ ಊದಿರುತ್ತದಂತೆ, ಬಗ್ಗಿ ಬೂಟಿನ ದಾರ ಕಟ್ಟಿದರೆ ತಲೆ ದಿಮ್ಮೆನ್ನುತ್ತದಂತೆ. ನೀರು ಹೆಚ್ಚಾಗಿರಬೇಕು ಎಂದುಕೊಂಡು ರಾತ್ರಿ ಎಣ್ಣೆ ಹಚ್ಚಿ ತಿಕ್ಕಿದ್ದಾಳೆ.

ನೀರು ಹೆಚ್ಚಾದರೆ ಎರಡೂ ಕಾಲು ಊದುತ್ತವೆ. ಒಂದೇ ಕೈ ಊದಿದರೆ ಆ ಕೈಯಿಂದ ಹೃದಯಕ್ಕೆ ಹೋಗುವ ದಾರಿಯಲ್ಲಿ ಎಲ್ಲೋ ಅಡ್ಡಿ ಇದೆ ಎಂದು ಅರ್ಥ. ಡಾಕ್ಟರು ಬಂದು ಅಂಗಿ ಬಿಚ್ಚಿಸಿದರು. ಬಲ ಎದೆ, ಹೆಗಲ ಮೇಲೆ ನೀಲಿ ನರಗಳು ಎದ್ದಿವೆ, ಹಿಂದೆ ಇರದಿದ್ದವು. ದೇವದುರ್ಗದವರಿಗೆ ನಾರಾಯಣಪುರ ಬಲದಂಡೆ ಕಾಲುವೆ ಗೊತ್ತು, ಮಾನ್ವಿಯವರಿಗೆ ತುಂಗಭದ್ರಾ ಎಡದಂಡೆ ಗೊತ್ತು. ದೊಡ್ಡ ಕಾಲುವೆಯಲ್ಲಿ ಹೂಳು ಕೂತರೆ ನೀರು ಅಕ್ಕಪಕ್ಕದ ಹೊಲಗಾಲುವೆ ಹುಡುಕಿಕೊಂಡು ಹರಿಯುತ್ತದೆ. ಎದೆ ಮೇಲಿನ ಈ ನೀಲಿ ಗೆರೆಗಳೂ ಹೊಲಗಾಲುವೆಗಳೇ.

"ತಿಕ್ಕಬ್ಯಾಡ್ರೀ ಅಮ್ಮಾ, ಒಳಗ ರಕ್ತ ಗಡ್ಡಿ ಕಟ್ಟಿದ್ರ ತಿಕ್ಕಿದ ಕೂಡ್ಲೆ ಜಾರಿ ಪುಪ್ಪುಸಕ್ಕ ಹೋಗಬಹುದು," ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪಿನಲ್ಲಿ ಆಕ್ಸಿಜನ್ 97, ಜ್ವರ ಇಲ್ಲ, ಉಸಿರಾಟ ನೆಟ್ಟಗಿದೆ. ಅಷ್ಟರಮಟ್ಟಿಗೆ ಧೈರ್ಯ. ಉಸಿರು ಏರಿದ್ದರೆ 108 ಕರೆಯುವುದು ಬಿಟ್ಟು ಬೇರೆ ಮಾತೇ ಇರಲಿಲ್ಲ. ಚೀಟಿ ಬರೆದರು: ರಾಯಚೂರು, ಡಾಪ್ಲರ್, ಬೇಕಾದರೆ ಸಿ.ಟಿ. ವೆನೋಗ್ರಾಂ.

ಕೆಂಪು ಬಸ್ಸು. ಗಬ್ಬೂರು ದಾಟಿತು, ಕಲ್ಮಲಾ ಬಂತು. ಕಿಟಕಿಯಿಂದ ಬರುವ ಗಾಳಿ ಒಲೆಯ ಬಾಯಿಯದು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ದೇವದುರ್ಗದ ಹೆಸರಿದೆ. ಹಿಂದುಳಿಯುವುದು ಎಂದರೆ ಪಟ್ಟಿಯಲ್ಲಿ ಒಂದು ಅಂಕೆ, ಈ ಬಸ್ಸಿನಲ್ಲಿ ಅದು ಊದಿದ ಕೈಯನ್ನು ಮುಂದಿನ ಸೀಟಿನ ಕಂಬಿಯ ಮೇಲೆ ಎತ್ತಿಟ್ಟುಕೊಂಡು ಕೂತಿದೆ. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ 13ರಂದು ಶುರುವಾದ ಧರಣಿ ಸಾವಿರ ದಿನ ದಾಟಿತು. ಊರಿನಲ್ಲಿ ಮೆಡಿಕಲ್ ಕಾಲೇಜುಗಳಿದ್ದೂ ಜನ ಇನ್ನೊಂದು ದೊಡ್ಡ ಆಸ್ಪತ್ರೆ ಏಕೆ ಕೇಳುತ್ತಾರೆ ಎಂಬ ಪ್ರಶ್ನೆ ಬೆಂಗಳೂರಿನಲ್ಲಿ ಕೂತವರಿಗೆ ಮಾತ್ರ ಬರುತ್ತದೆ ಎಂದು ನನ್ನ ಅನಿಸಿಕೆ.

ರಾಯಚೂರು. ಸ್ಕ್ಯಾನಿಂಗ್ ಕೋಣೆಯ ಹೊರಗೆ ಉದ್ದ ಬೆಂಚು. ಗೋಡೆಯ ಮೇಲೆ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಕಡ್ಡಾಯದ ಫಲಕ. ಬೆಂಚಿನ ಆ ತುದಿಯಲ್ಲಿ ಮಾನ್ವಿಯ ಹೆಣ್ಣುಮಗಳೊಬ್ಬಳು, ತಲೆಗೆ ಸ್ಕಾರ್ಫ್. ಎಡ ತೋಳಿನ ಒಳಮಗ್ಗುಲಿಗೆ ಪಾರದರ್ಶಕ ಪ್ಲಾಸ್ಟರ್, ಅದರ ಕೆಳಗೆ ಸಣ್ಣ ನಳಿಕೆ. ಹೈದರಾಬಾದಿನಲ್ಲಿ ಕೀಮೊಗೆಂದು ಹಾಕಿಸಿಕೊಂಡು ಬಂದ ಪಿಕ್ ಲೈನು. ಅವಳದೂ ಅದೇ ದೂರು, ತೋಳು ನೋವು, ಬಾವು. ಇಬ್ಬರ ಕಾಯಿಲೆ ಬೇರೆ, ಕೈಯ ಕಥೆ ಒಂದೇ. ಕಾಕಾನ ಹೆಂಡತಿ ಆಗಲೇ ಅವಳ ಪಕ್ಕ ಸರಿದು ಕೂತು, ಯಾವೂರು, ಎಷ್ಟು ಮಕ್ಕಳು ಎಂದು ಶುರುಮಾಡಿದ್ದಾಳೆ.

ಮೊದಲು ಅವಳು ಒಳಗೆ ಹೋದಳು. ರೇಡಿಯಾಲಜಿ ಡಾಕ್ಟರು ಜೆಲ್ ಹಚ್ಚಿ ಪ್ರೋಬನ್ನು ತೋಳಿನ ಮೇಲೆ ಇಟ್ಟು ಮೆತ್ತಗೆ ಒತ್ತುತ್ತಾರೆ. ಪರದೆಯ ಮೇಲೆ ಎರಡು ಕಪ್ಪು ಉಂಗುರ. ಒಂದು ಮಿಡಿಯುತ್ತಿದೆ, ಅದು ಅಪಧಮನಿ. ಪಕ್ಕದ್ದು ಅಭಿಧಮನಿ, ಅಂದರೆ ಸಿರೆ. ಆರೋಗ್ಯವಾಗಿದ್ದರೆ ಒತ್ತಿದ ಕೂಡಲೇ ಗಾಳಿ ಇಳಿದ ಸೈಕಲ್ ಟ್ಯೂಬಿನಂತೆ ಚಪ್ಪಟೆಯಾಗಬೇಕು. ಆಗಲಿಲ್ಲ. ಒಳಗೆ ಬೂದು ಬಣ್ಣದ ತುಂಬು, ಅದರ ನಡುವೆ ನಳಿಕೆಯ ಎರಡು ಬಿಳಿ ಗೆರೆ. ಡಾಕ್ಟರು ಕಂಕುಳವರೆಗೆ ಹತ್ತಿ ನೋಡಿದರು. ಅಲ್ಲಿಂದ ಮೇಲೆ ಸಿರೆ ಚಪ್ಪಟೆಯಾಗುತ್ತಿದೆ, ಪರದೆಯಲ್ಲಿ ರಕ್ತದ ಓಟ ತೋರಿಸುವ ಬಣ್ಣ ಓಡುತ್ತಿದೆ. ಹೆಪ್ಪು ತೋಳಿನಲ್ಲೇ ಇದೆ, ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದೂ ಕಂಡಿತು.

"ನಿಮಗ ಸಿ.ಟಿ. ಬ್ಯಾಡಮ್ಮ. ಗೊತ್ತಾಗಬೇಕಾದ್ದು ಗೊತ್ತಾತು."

ಈ ಮಾತು ಹೇಳುವ ಡಾಕ್ಟರಿಗೆ ನನ್ನ ನಮಸ್ಕಾರ. ಯಂತ್ರ ಪಕ್ಕದ ಕೋಣೆಯಲ್ಲೇ ಇದೆ ಎಂಬ ಒಂದೇ ಕಾರಣಕ್ಕೆ ಮನುಷ್ಯರನ್ನು ಅದರೊಳಗೆ ತಳ್ಳುವ ಚಟ ಈಗ ಊರೂರಿಗೂ ಬಂದಿದೆ.

ಕಾಕಾನದು ಹಾಗಲ್ಲ. ತೋಳಿನ ಸಿರೆ ಚಪ್ಪಟೆಯಾಯಿತು, ಕಂಕುಳದ್ದೂ ಆಯಿತು. ಆದರೆ ರಕ್ತದ ಓಟ ಮಂದ. ಸಾಮಾನ್ಯವಾಗಿ ಉಸಿರಿನ ಜೊತೆ ಏರಿಳಿಯಬೇಕಾದ ಡಾಪ್ಲರ್ ಅಲೆ ನೇರ ಗೆರೆಯಾಗಿದೆ. ಮೇಲೆ ಎಲ್ಲೋ ಅಡ್ಡಿ ಇದೆ ಎಂಬುದರ ಸುಳಿವು ಅದು. ಡಾಕ್ಟರು ಪ್ರೋಬನ್ನು ಮೇಲಕ್ಕೆ ತಂದರು, ಕೊರಳೆಲುಬು ಅಡ್ಡ ಬಂತು. ಎಲುಬನ್ನು ದಾಟಿ ಅಲ್ಟ್ರಾಸೌಂಡ್ ನೋಡಲಾರದು. ಎದೆಯೆಲುಬಿನ ಹಿಂದೆ ಒತ್ತಿ ನೋಡುವುದಂತೂ ಆಗದ ಮಾತು. ಕತ್ತಿನ ಸಿರೆಯೂ ತೋಳಿನ ಸಿರೆಯೂ ಕೂಡುವ ಜಾಗ, ಅಲ್ಲಿಂದ ಹೃದಯಕ್ಕೆ ಇಳಿಯುವ ಎಸ್‌ವಿಸಿ ಎಂಬ ದೊಡ್ಡ ಸಿರೆ, ಪೈಪಿನ ತುದಿ, ಎಲ್ಲವೂ ಎಲುಬಿನ ಮರೆಯಲ್ಲಿವೆ. ಬಹಳ ಸಲ ಕಳ್ಳ ಅಡಗಿರುವುದೂ ಅಲ್ಲೇ.

ಸಿ.ಟಿ. ಕೋಣೆಯ ಬಾಗಿಲು ತೆರೆದಾಗ ಬಂದ ಗಾಳಿಗೆ ಬೆಂಚಿನವರೆಲ್ಲ ಒಮ್ಮೆ ತಲೆಯೆತ್ತಿದರು. ಇಡೀ ಆಸ್ಪತ್ರೆಯಲ್ಲಿ ತಣ್ಣಗಿರುವ ಜಾಗ ಇದೊಂದೇ. ಮನುಷ್ಯರಿಗಾಗಿ ಅಲ್ಲ, ಯಂತ್ರಕ್ಕಾಗಿ.

ಒಳಗೆ ಹೋಗುವ ಮೊದಲು ಪ್ರಶ್ನೆಗಳು. ಊಟ ಮಾಡಿ ಎಷ್ಟು ಹೊತ್ತಾಯಿತು? ಸಿ.ಟಿ.ಯಲ್ಲಿ ಸಿರೆ ಕಾಣಲೆಂದು ಕೊಡುವ ಬಣ್ಣದ ಇಂಜೆಕ್ಷನ್ ಹಿಂದೆ ಯಾವಾಗಲಾದರೂ ತೆಗೆದುಕೊಂಡು ಮೈ ತುರಿಸಿತ್ತಾ, ಉಸಿರು ಕಟ್ಟಿತ್ತಾ? ದಮ್ಮು ಇದೆಯಾ? ಕೊನೆಗೆ ಒಂದು ವಿಚಿತ್ರ ಪ್ರಶ್ನೆ.

"ದಿನಕ್ಕ ಮೂತ್ರ ಎಷ್ಟು ಹೋಗ್ತೀರಿ?"

"ಒಂದು ಲೋಟ ಆಗಬಹುದ್ರಿ."

ಅಯೋಡಿನ್ ಇರುವ ಈ ದ್ರವ ಕಿಡ್ನಿಗೆ ಪೆಟ್ಟು ಕೊಡಬಹುದು. ಕಿಡ್ನಿ ಪೂರ್ತಿ ನಿಂತವರಿಗೆ ಆ ಭಯವಿಲ್ಲ, ಕಳೆದುಕೊಳ್ಳಲು ಏನೂ ಉಳಿದಿರುವುದಿಲ್ಲ. ಕಾಕಾನಿಗೆ ಇನ್ನೂ ಒಂದು ಲೋಟ ಉಳಿದಿದೆ. ಡಯಾಲಿಸಿಸ್ ರೋಗಿಗೆ ಆ ಒಂದು ಲೋಟ ಚಿನ್ನ. ಅಷ್ಟರಮಟ್ಟಿಗೆ ನೀರು ಕುಡಿಯಬಹುದು, ಅಷ್ಟರಮಟ್ಟಿಗೆ ಮೈ ಹಗುರ. ಡಾಕ್ಟರು ಒಂದು ಗಳಿಗೆ ಯೋಚಿಸಿದರು. ಹೆಪ್ಪು ದೊಡ್ಡದಿದ್ದು ತಿಳಿಯದೇ ಹೋದರೆ ಆಗುವ ನಷ್ಟ ಹೆಚ್ಚು. ಮಾಡೋಣ, ಔಷಧ ಆದಷ್ಟು ಕಡಿಮೆ ಇರಲಿ ಎಂದರು. ಹೆಂಡತಿಯ ಹೆಬ್ಬೆಟ್ಟು ಬಿತ್ತು.

ಈಗ ಸೂಜಿ ಎಲ್ಲಿ ಚುಚ್ಚುವುದು? ಊದಿದ ಬಲಗೈಗೆ ಹಾಕಿದರೆ ಬಣ್ಣ ಅಡ್ಡಿಯ ಮುಂದೆ ಮಡುಗಟ್ಟಿ ನಿಂತು ಕಣ್ಣು ಕುಕ್ಕುತ್ತದೆ, ಪಕ್ಕದ್ದೇನೂ ಕಾಣುವುದಿಲ್ಲ. ಪರ್ಮಾಕ್ಯಾತ್‌ಗೇ ಹಾಕೋಣವೆಂದರೆ ಅದು ಇಂಥ ಒತ್ತಡದ ಇಂಜೆಕ್ಟರಿಗೆ ಮಾಡಿದ್ದಲ್ಲ. ಹೊಸದಾಗಿ ಬಂದ ನರ್ಸ್ ಎಡಗೈಯ ಮೊಣಕೈ ಮಡಿಕೆಯಲ್ಲಿ ಹುರಿಗಟ್ಟಿದ ಸಿರೆ ಕಂಡು ಖುಷಿಯಾಗಿ ಸ್ಪಿರಿಟ್ ಹತ್ತಿ ಉಜ್ಜಿದಳು. ಹಿರಿಯ ಟೆಕ್ನಿಶಿಯನ್ ಅವಳ ಕೈ ತಡೆದ.

"ಅಲ್ಲಿ ಬ್ಯಾಡ ಸಿಸ್ಟರ್. ಅದು ಫಿಸ್ಟುಲಾ ಆಗಬೇಕಾದ ಕೈ. ಹಿಂಗೈಗೆ ಹಾಕ್ರಿ."

ಹಿಂಗೈಯ ತೆಳು ಸಿರೆಗೆ ಸಣ್ಣ ಸೂಜಿ ಹೋಯಿತು. ಸೂಜಿ ಸಣ್ಣದಾದ್ದರಿಂದ ಔಷಧ ನಿಧಾನ ಓಡಿಸಬೇಕು, ಸೆಕೆಂಡಿಗೆ ಎರಡು ಎಂಎಲ್ ಸಾಕು. ಸಿರೆ ನೋಡುವುದಕ್ಕೆ ಅವಸರವೂ ಇಲ್ಲ. ಟೆಕ್ನಿಶಿಯನ್ ಆ ಕೈಯನ್ನು ಉಳಿಸಿದ್ದು ನೆನಪಿನಲ್ಲಿಡಿ, ಮತ್ತೆ ಬೇಕಾಗುತ್ತದೆ.

ಕಾಕಾ ಮಂಚದ ಮೇಲೆ ಮಲಗಿದರು. ದೊಡ್ಡ ಬಿಳಿ ಬಳೆ ಅವರ ತಲೆಯ ಹಿಂದಿದೆ. ನೀವು ಈಚೆ ಗಾಜಿನ ಕೋಣೆಗೆ ಬನ್ನಿ, ಅಲ್ಲಿ ಇರುವ ಹಾಗಿಲ್ಲ. ಒಂದು ಸಲದ ಎದೆ ಸಿ.ಟಿ.ಯ ವಿಕಿರಣ ಎಂದರೆ ಎರಡು ಮೂರು ವರ್ಷ ಭೂಮಿಯ ಮೇಲೆ ಸುಮ್ಮನೆ ಬದುಕಿದರೆ ಮೈಮೇಲೆ ಬೀಳುವಷ್ಟು.

ರಕ್ತನಾಳಕ್ಕೆ ನಳಿಕೆ ತೂರಿಸಿ ಅದು ಎಲ್ಲಿ ಹೋಯಿತೆಂದು ಎಕ್ಸ್‌ರೇಯಲ್ಲಿ ನೋಡುವ ಕೆಲಸಕ್ಕೆ ಒಂದು ಹುಚ್ಚು ಸಾಹಸದ ಆರಂಭವಿದೆ. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ ವರ್ನರ್ ಫೋರ್ಸ್‌ಮನ್ ಎಂಬ ಎಳೆಯ ಡಾಕ್ಟರ್ ತನ್ನ ತೋಳಿನ ಸಿರೆಯಿಂದಲೇ ನಳಿಕೆ ತೂರಿಸಿಕೊಂಡು, ಅದು ನೇತಾಡುತ್ತಿರುವಂತೆಯೇ ಎಕ್ಸ್‌ರೇ ಕೋಣೆಗೆ ನಡೆದುಹೋಗಿ, ತುದಿ ಹೃದಯ ಮುಟ್ಟಿದ್ದನ್ನು ಚಿತ್ರ ತೆಗೆಸಿದ. ಮೇಲಿನವರು ಬೈದರು. ನೊಬೆಲ್ ಬಂದದ್ದು 1956ರಲ್ಲಿ.

"ಉಸಿರು ತಗೋರಿ ಕಾಕಾ... ಹಿಡಕೊಳ್ರಿ... ಬಿಡಬ್ಯಾಡ್ರಿ."

ಯಂತ್ರದೊಳಗೆ ಮೊದಲೇ ತುಂಬಿಟ್ಟ ಹಿಂದಿ ದನಿ ಇದೆ. ಟೆಕ್ನಿಶಿಯನ್ ಅದನ್ನು ಬಂದ್ ಮಾಡಿ ಮೈಕಿನಲ್ಲಿ ತಾನೇ ಹೇಳುತ್ತಾನೆ. ಗಬ್ಬೂರಿನ ಕಡೆಯವರಿಗೆ ಹಿಂದಿಯಲ್ಲಿ ಉಸಿರು ಹಿಡಿಸಿದರೆ ಚಿತ್ರ ಅಲ್ಲಾಡುತ್ತದೆ ಎಂದು ಅವನಿಗೆ ಅನುಭವದಿಂದ ಗೊತ್ತು.

ಉಸಿರು ಹಿಡಿಸುವ ಮೊದಲೇ ಇಂಜೆಕ್ಟರು ಓಡತೊಡಗಿತ್ತು. ಎಡಗೈಯಿಂದ ಬಿಸಿ ಹತ್ತಿ, ಗಂಟಲಿಗೆ ಬಂದು, ಹೊಟ್ಟೆಗೆ ಇಳಿದು, ತೊಡೆಯ ಸಂದಿಯಲ್ಲಿ ನಿಲ್ಲುತ್ತದೆ. ಬಾಯಲ್ಲಿ ತಾಮ್ರದ ರುಚಿ. ಆಮೇಲೆ ಹೊರಬಂದಾಗ ಕಾಕಾ ಹೆಂಡತಿಯ ಕಿವಿಯಲ್ಲಿ ಹೇಳಿದ್ದು ನಮಗೂ ಕೇಳಿಸಿತು: "ಧೋತರ ಒದ್ದಿ ಆತೇನೊ ಅನಿಸ್ತು, ಮಾನ ಹೋಗ್ತಿತ್ತು." ಎಲ್ಲರಿಗೂ ಹಾಗೇ ಅನಿಸುತ್ತದೆ. ಮೊದಲೇ ಹೇಳಿದರೆ ಯಾರೂ ಗಾಬರಿಯಾಗುವುದಿಲ್ಲ.

ಕಾಯುವುದು ಇಲ್ಲಿ ದೊಡ್ಡ ವಿದ್ಯೆ. ಬಣ್ಣ ಎಡಗೈಯಿಂದ ಹೃದಯಕ್ಕೆ, ಪುಪ್ಪುಸಕ್ಕೆ, ಅಪಧಮನಿಗಳಿಗೆ ಹೋಗಿ, ಮೈಯೆಲ್ಲ ಸುತ್ತಿ ಮತ್ತೆ ಸಿರೆಗಳಿಗೆ ಮರಳಬೇಕು. ಬೇಗ ಚಿತ್ರ ತೆಗೆದರೆ ಸಿರೆಗಳು ಖಾಲಿ ಕಾಣುತ್ತವೆ, ತಡವಾದರೆ ಬಣ್ಣ ತೆಳುವಾಗಿ ಎಲ್ಲವೂ ಒಂದೇ ಬೂದು. ಎಪ್ಪತ್ತು ಸೆಕೆಂಡಿಗೆ ಮಂಚ ಸರಿಯಿತು. ಬಳೆಯೊಳಗಿನ ಸದ್ದು ಏರಿ ಇಳಿಯಿತು. ಅಷ್ಟೇ.

ಪರದೆಯ ಮುಂದೆ ರೇಡಿಯಾಲಜಿ ಡಾಕ್ಟರು ಕುರ್ಚಿ ಎಳೆದುಕೊಂಡರು. ಮೌಸಿನ ಚಕ್ರ ತಿರುಗಿಸುತ್ತಿದ್ದಂತೆ ಕಾಕಾ ಸೌತೆಕಾಯಿ ಬಿಲ್ಲೆಗಳಂತೆ ಮೇಲಿಂದ ಕೆಳಗೆ ಸರಿದುಹೋಗುತ್ತಾರೆ. ಗಂಟಲು, ಹೆಗಲು, ಪಕ್ಕೆಲುಬು. ಬಲಗತ್ತಿನ ಸಿರೆಯೊಳಗೆ ಪ್ರಖರ ಬಿಳಿ ಗುಂಡು, ಅದೇ ಪೈಪು. ಬೆಳಕು ಹೆಚ್ಚಾಗಿ ಸುತ್ತ ಏನೂ ತಿಳಿಯುತ್ತಿಲ್ಲ. ಡಾಕ್ಟರು ಮೌಸ್ ಒತ್ತಿ ಎಳೆದು ಬಿಳಿ ಕಪ್ಪಿನ ಅಳತೆ ಹಿಗ್ಗಿಸಿದರು. ಬಿಳಿ ಗುಂಡು ಬಿರಿದು ಒಳಗೆ ಎರಡು ಅರ್ಧಚಂದ್ರ ಕಂಡವು, ಪೈಪಿನ ಎರಡು ಕೊಳವೆ, ಬೆನ್ನಿಗೆ ಬೆನ್ನು ಹಚ್ಚಿಕೊಂಡು.

ಇನ್ನೂ ನಾಲ್ಕು ಬಿಲ್ಲೆ ಕೆಳಗೆ. ಕತ್ತಿನ ಸಿರೆಯೂ ತೋಳಿನ ಸಿರೆಯೂ ಕೂಡುವ ತಾವು. ಎಡಗಡೆ ಅದೇ ಜಾಗ ಬೆಳ್ಳಗೆ, ದುಂಡಗೆ, ಹಾಲು ತುಂಬಿದ ಬಟ್ಟಲು. ಬಲಗಡೆ ಸಿರೆ ಎಡಕ್ಕಿಂತ ಉಬ್ಬಿದೆ, ಆದರೆ ಬಿಳಿ ಇಲ್ಲ. ಪೈಪಿನ ಸುತ್ತ ಕಪ್ಪು ತೋಳುಚೀಲ, ಒಂದು ಮಗ್ಗುಲಲ್ಲಿ ಮಾತ್ರ ಉಗುರಿನ ಅಂಚಿನಷ್ಟು ಬಿಳಿ. ಡಾಕ್ಟರು ಕಪ್ಪಿನ ಮೇಲೆ ಸಣ್ಣ ವೃತ್ತ ಎಳೆದರು, ಅಂಕೆ ಬಂತು: 58. ಎಡಗಡೆಯ ಬಿಳಿಯ ಮೇಲೆ ಎಳೆದರು: 190. ಸಿ.ಟಿ. ಯಂತ್ರ ಕಟ್ಟಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಹೆಸರಿನ ಅಳತೆ ಇದು. ನೀರು ಸೊನ್ನೆ, ಗಾಳಿ ಸೊನ್ನೆಗಿಂತ ಸಾವಿರ ಕೆಳಗೆ. ಬಣ್ಣ ಬೆರೆತ ರಕ್ತ 190 ಇರುವಾಗ 58 ಇರುವುದು ಬಣ್ಣ ಒಳಹೋಗದ ವಸ್ತು.

ಕನ್ನಡದಲ್ಲಿ ಹಾಲಿಗೂ ರಕ್ತಕ್ಕೂ ಒಂದೇ ಮಾತು, ಹೆಪ್ಪು. ಹಾಲು ಹೆಪ್ಪಾಗಲು ಒಂದು ಚಮಚ ಮಜ್ಜಿಗೆ, ಅಲುಗಾಡದ ಪಾತ್ರೆ, ಬೆಚ್ಚಗಿನ ಮೂಲೆ ಬೇಕು. ರಕ್ತಕ್ಕೂ ಮೂರು ಬೇಕು ಎಂದು ಜರ್ಮನಿಯ ರುಡಾಲ್ಫ್ ವಿರ್ಕೋ ಹೆಸರಿನಲ್ಲಿ ಇಂದಿಗೂ ಪಾಠ ಹೇಳುತ್ತಾರೆ: ಓಟ ಮಂದವಾಗುವುದು, ನಾಳದ ಒಳಗೋಡೆ ಗಾಯವಾಗುವುದು, ರಕ್ತವೇ ಹೆಪ್ಪುಗಟ್ಟುವ ಗುಣಕ್ಕೆ ತಿರುಗುವುದು. ಕತ್ತಿನ ಪೈಪು ಸಿರೆಯ ಜಾಗ ತಿಂದು ಓಟ ತಗ್ಗಿಸುತ್ತದೆ, ಹೃದಯ ಬಡಿದಾಗಲೆಲ್ಲ ಗೋಡೆಗೆ ಉಜ್ಜುತ್ತದೆ. ಮೂರನೆಯದಕ್ಕೆ ಕಾಯಿಲೆಯೇ ಇದೆ.

ಚಕ್ರ ಇನ್ನೂ ಕೆಳಗೆ ತಿರುಗಿತು. ಹೃದಯದ ಬಲ ಮೇಲ್ಕೋಣೆ. ಅಲ್ಲೂ ಒಂದು ಕಪ್ಪು ಮೋಡ! ನನ್ನ ಎದೆ ಧಸಕ್ಕೆಂದಿತು. ಹೃದಯದೊಳಗೇ ಇಷ್ಟು ದೊಡ್ಡ ಹೆಪ್ಪು ಎಂದರೆ ಈಗಲೇ ಹೈದರಾಬಾದಿಗೆ ಗಾಡಿ ಕಟ್ಟಬೇಕು. ಡಾಕ್ಟರ ಮುಖದಲ್ಲಿ ಏನೂ ಇಲ್ಲ.

"ಇದರ ಅಂಚು ನೋಡ್ರಿ, ಮಸುಕು ಮಸುಕು. ಪೈಪಿಗೂ ಅಂಟಿಲ್ಲ. ಒಂದ್ ಎರಡು ನಿಮಿಷ ಬಿಟ್ಟು ಇಷ್ಟೇ ಭಾಗ ಇನ್ನೊಮ್ಮಿ ತೆಗಿ," ಎಂದರು ಟೆಕ್ನಿಶಿಯನ್‌ಗೆ. ಇಡೀ ಎದೆ ಅಲ್ಲ, ನಾಲ್ಕು ಬೆರಳಿನಷ್ಟು ಮಾತ್ರ. ವಿಕಿರಣದ ಲೆಕ್ಕ ಅವರ ತಲೆಯಲ್ಲಿ ಓಡುತ್ತಿದೆ.

ರಾಯಚೂರಿನಿಂದ ಉತ್ತರಕ್ಕೆ ಕಾಡ್ಲೂರಿನ ಹತ್ತಿರ ಭೀಮೆ ಕೃಷ್ಣೆಯನ್ನು ಸೇರುತ್ತದೆ. ಎರಡು ಹೊಳೆ ಕೂಡಿದ ಕೂಡಲೇ ನೀರು ಒಂದಾಗುವುದಿಲ್ಲ. ಒಂದರ ಕೆಸರು ಇನ್ನೊಂದರ ತಿಳಿಯ ಪಕ್ಕದಲ್ಲೇ ಸ್ವಲ್ಪ ದೂರ ಹರಿಯುತ್ತದೆ. ಹೃದಯದ ಮೇಲ್ಕೋಣೆಯೂ ಒಂದು ಸಂಗಮ. ಮೇಲಿನಿಂದ ಬಣ್ಣದ ರಕ್ತ, ಕಾಲು ಹೊಟ್ಟೆಗಳಿಂದ ಇನ್ನೂ ಬಣ್ಣ ಕಾಣದ ರಕ್ತ. ಬೆರೆಯುವ ಮೊದಲೇ ಚಿತ್ರ ತೆಗೆದರೆ ಬಣ್ಣವಿಲ್ಲದ ಧಾರೆ ಹೆಪ್ಪಿನಂತೆ ಕಾಣುತ್ತದೆ. ಸಿ.ಟಿ. ಸುಳ್ಳು ಹೇಳುವುದಿಲ್ಲ ಎಂದು ನಂಬಿದವರಿಗೆ ಅದು ಮೋಸ ಮಾಡುವುದು ಹೀಗೆ.

ಎರಡನೆಯ ಚಿತ್ರ ಬಂತು. ಹೃದಯದ ಕಪ್ಪು ಮೋಡ ಕರಗಿಹೋಗಿದೆ, ಕೋಣೆ ತುಂಬ ಒಂದೇ ಬಿಳಿ. ಮೇಲಿನ ಸಂಗಮದ ಕಪ್ಪು ತೋಳುಚೀಲ ಮಾತ್ರ ಇದ್ದಲ್ಲೇ ಇದೆ, ಅಂಚು ಕೊರೆದಂತೆ ಸ್ಪಷ್ಟ. ಒಂದು ನೆರಳು, ಒಂದು ನಿಜ. ಬಲಗಡೆ ಮೂರು ಸೆಂಟಿಮೀಟರ್ ಉದ್ದಕ್ಕೆ ಪೈಪು ಸುತ್ತಿಕೊಂಡ ಹೆಪ್ಪು, ಎಸ್‌ವಿಸಿಯ ಬಾಯಿಗೆ ಬಂದು ನಿಂತಿದೆ. ತುದಿಯಲ್ಲಿ ತೆಳು ಕಾಲುಚೀಲ. ಎದೆಯ ಗೋಡೆಯಲ್ಲಿ ಹೊಲಗಾಲುವೆಗಳು ಮಿನುಗುತ್ತಿವೆ. ಪುಪ್ಪುಸದ ದೊಡ್ಡ ನಾಳಗಳಲ್ಲಿ ಏನೂ ಸಿಕ್ಕಿಕೊಂಡಿಲ್ಲ.

ನಾನು ಅಷ್ಟಕ್ಕೆ ಮುಗಿಯಿತೆಂದುಕೊಂಡೆ. ಡಾಕ್ಟರು ಚಕ್ರವನ್ನು ಮತ್ತೆ ಮೇಲಕ್ಕೆ ತಿರುಗಿಸಿ ಎಡಗಡೆಯ ಸಿರೆಗಳನ್ನು ಕಂಕುಳಿನಿಂದ ಹೃದಯದವರೆಗೆ ಒಂದೊಂದೇ ಬಿಲ್ಲೆ ನೋಡತೊಡಗಿದರು. ಬಲಗಡೆ ನೋಡಿದ್ದಕ್ಕಿಂತ ಹೆಚ್ಚು ಹೊತ್ತು.

"ಹೆಪ್ಪು ಸಿಕ್ತಲ್ರಿ ಸರ್, ಇದ್ಯಾಕ?"

"ಬಲಗಡಿ ದಾರಿ ಕೆಟ್ಟದ. ಎಡಗಡಿ ದಾರಿ ಚಲೋ ಅದ ಅಂತ ಬರದು ಕೊಡಬೇಕಲ್ಲ. ಫಿಸ್ಟುಲಾ ಅಲ್ಲೇ ಆಗಬೇಕು."

ಇಡೀ ದಿನದಲ್ಲಿ ನನಗೆ ಮುಖ್ಯ ಅನಿಸಿದ್ದು ಈ ಮಾತು. ಡಯಾಲಿಸಿಸ್ ರೋಗಿಗೆ ಸಿರೆ ಎಂದರೆ ಹೊಲವಿದ್ದಂತೆ, ಎಕರೆ ಇಷ್ಟೇ, ಮಾರಿಕೊಂಡರೆ ಮತ್ತೆ ಕೊಳ್ಳಲು ಬರುವುದಿಲ್ಲ. ಬಲಗತ್ತು, ಎಡಗತ್ತು, ಎರಡು ತೊಡೆ, ಎರಡು ತೋಳು. ಅಷ್ಟೇ ಆಸ್ತಿ. ಒಂದೊಂದು ಹೆಪ್ಪಿಗೂ ಒಂದೊಂದು ತುಂಡು ಹರಾಜಾಗುತ್ತದೆ. ಕಳೆದದ್ದೆಷ್ಟು ಎಂದು ತೋರಿಸಿದ ಸಿ.ಟಿ. ಉಳಿದದ್ದೆಷ್ಟು ಎಂದೂ ಅಳೆದುಕೊಟ್ಟಿತು. ಬರೀ ಹೆಪ್ಪು ಇದೆ ಎಂದು ಬರೆದುಕೊಟ್ಟ ರಿಪೋರ್ಟು ಅರ್ಧ ರಿಪೋರ್ಟು.

ಸಂಜೆ ವಾರ್ಡಿನಲ್ಲಿ ಕಿಡ್ನಿ ಡಾಕ್ಟರು ಬಂದರು. ಪೈಪು ಕಿತ್ತುಬಿಡುತ್ತಾರೆ ಎಂದು ಕಾಕಾ ಕಾದಿದ್ದರು. ಕೀಳುವುದಿಲ್ಲ ಎಂದರು ಡಾಕ್ಟರು. ಜ್ವರ ಇಲ್ಲ, ಸೋಂಕಿಲ್ಲ, ಸದ್ಯ ಡಯಾಲಿಸಿಸ್‌ಗೆ ಇರುವ ದಾರಿ ಇದೊಂದೇ. ಅದನ್ನು ಕಿತ್ತು ಎಡಗತ್ತಿಗೆ ಹೊಸದು ಹಾಕಿದರೆ ಚೆನ್ನಾಗಿರುವ ಎಡಗಡೆಯೂ ಹಾಳು. ಹೆಪಾರಿನ್ ಶುರುವಾಯಿತು, ಪೈಪಿನ ಕೊಳವೆಗಳಿಗೆ ಹೆಪ್ಪು ಕರಗಿಸುವ ಔಷಧ ತುಂಬಿಸಿಟ್ಟರು. ಮರುದಿನ ಸಿರಿಂಜು ಎಳೆದಾಗ ರಕ್ತ ಬಂತು, ಪಂಪು 260ಕ್ಕೆ ಸುಮ್ಮನೆ ಓಡಿತು. ಮನೆಗೆ ಹೋಗುವಾಗ ವಾರ್ಫರಿನ್ ಗುಳಿಗೆ, ಕಡಿಮೆಯೆಂದರೆ ಮೂರು ತಿಂಗಳು, ರಕ್ತ ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ ಎಂದು ನೋಡಲು ನಡುನಡುವೆ ಐ.ಎನ್.ಆರ್. ರಕ್ತಪರೀಕ್ಷೆ.

ಆ ಗುಳಿಗೆಯ ಕಥೆ ಕೇಳಿದರೆ ದನ ಕಟ್ಟಿದವರು ನಂಬುತ್ತಾರೆ. ಅಮೆರಿಕ, ಕೆನಡಾಗಳಲ್ಲಿ ಬೂಷ್ಟು ಹಿಡಿದ ಒಣಮೇವು ತಿಂದ ದನಗಳು ರಕ್ತ ನಿಲ್ಲದೆ ಸಾಯುತ್ತಿದ್ದವು. 1933ರಲ್ಲಿ ವಿಸ್ಕಾನ್ಸಿನ್ನಿನ ರೈತನೊಬ್ಬ ಹೆಪ್ಪುಗಟ್ಟದ ರಕ್ತವನ್ನು ಹಾಲಿನ ಕ್ಯಾನಿನಲ್ಲಿ ಹೊತ್ತು ಕಾರ್ಲ್ ಲಿಂಕ್ ಎಂಬ ರಸಾಯನ ವಿಜ್ಞಾನಿಯ ಪ್ರಯೋಗಾಲಯಕ್ಕೆ ಬಂದ. ಆ ಮೇವಿನ ವಿಷದ ಜಾಡು ಹಿಡಿದು ಹೊರಟವರು ವಾರ್ಫರಿನ್ ಮಾಡಿದರು. 1948ರಲ್ಲಿ ಅದು ಮೊದಲು ಮಾರಾಟವಾದದ್ದು ಇಲಿ ಪಾಷಾಣವಾಗಿ.

ಕಾಕಾನ ಹೆಂಡತಿಗೆ ಬೇರೆ ಚಿಂತೆ.

"ಪುಂಡಿಪಲ್ಯ ತಿನ್ನಬಾರದೇನ್ರಿ?"

ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಗುಳಿಗೆಯ ಕೆಲಸ ತಗ್ಗಿಸುತ್ತದೆ. ಒಂದು ವಾರ ದಿನಾ ಪಲ್ಯ, ಇನ್ನೊಂದು ವಾರ ಏನೂ ಇಲ್ಲ ಎಂದಾದರೆ ರಕ್ತದ ಲೆಕ್ಕ ತಪ್ಪುತ್ತದೆ. ಕಿಡ್ನಿಯವರಿಗೆ ಪೊಟ್ಯಾಸಿಯಂ ಕಾಟ ಬೇರೆ. "ಸ್ವಲ್ಪೇ ಸ್ವಲ್ಪ, ಯಾವಾಗಲೂ ಅಷ್ಟೇ ಅಳತಿ," ಎಂದರು ಡಾಕ್ಟರು. ರಾಯಚೂರು ಸೀಮೆಯವರಿಗೆ ಪುಂಡಿಪಲ್ಯ ಪೂರ್ತಿ ಬಿಡಿ ಎಂದಿದ್ದರೆ ಆ ಮಾತು ವಾರ್ಡಿನ ಬಾಗಿಲು ದಾಟುತ್ತಿರಲಿಲ್ಲ.

ಹೊರಡುವ ಮೊದಲು ಅವಳು ನರ್ಸಿನ ಬಳಿ ಪೆನ್ನು ಇಸಿದುಕೊಂಡು ನನ್ನ ಕೈಗೆ ಕೊಟ್ಟಳು. "ಬರೀರಿ ಯಪ್ಪಾ, ನನಗ ಬರಂಗಿಲ್ಲ." ಕಾಕಾನ ಎಡ ಮುಂಗೈ ಮೇಲೆ ಬರೆದೆ: ಈ ಕೈಗೆ ಸೂಜಿ ಬೇಡ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಕಿಡ್ನಿ ತೊಂದರೆ ಇದೆ, ಡಯಾಲಿಸಿಸ್ ಬರಬಹುದು ಎಂದಿದ್ದರೆ ಫಿಸ್ಟುಲಾ ಯಾವಾಗ ಎಂದು ಇವತ್ತೇ ಕೇಳಿ, ಯಾವ ಕೈಗೆ ಎಂದೂ ಕೇಳಿ. ರಕ್ತ ತೆಗೆಯಲು, ಸಲೈನ್ ಹಾಕಲು, ಬಿ.ಪಿ. ಪಟ್ಟಿ ಸುತ್ತಲು ಯಾರಾದರೂ ಆ ಕೈ ಹಿಡಿದರೆ ಬೇಡ ಎನ್ನಿ. ಕತ್ತಿನಲ್ಲಿ ಪೈಪು ಇದ್ದವರ ಒಂದೇ ಕೈ ಊದಿದರೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಮುಂದಿನ ಪಾಳಿಗೆ ಕಾಯಬೇಡಿ, ಅದೇ ದಿನ ತೋರಿಸಿ.